ಮೂರನೇ ಕಂಬದ ಬೋಲ್ಟು

2008ರ ಫೆಬ್ರವರಿ 10, ಭಾನುವಾರ, ಸಂಜೆ ಆರು ಇಪ್ಪತ್ತು. ಉಪ್ಪಲ್ ಕಡೆಯ ಠಾಣೆಯೊಳಗೆ ದಡದಡನೆ ಬಂದ ಹೆಂಗಸೊಬ್ಬಳು ಇನ್‌ಸ್ಪೆಕ್ಟರ್ ವೈಜನಾಥನ ಮೇಜಿನ ಮೇಲೆ ಗೇಣುದ್ದದ ಕಬ್ಬಿಣದ ಬೋಲ್ಟೊಂದನ್ನು ಇಟ್ಟಳು. ಇಡುವ ಮೊದಲು ಸೆರಗಿನಿಂದ ಚೆನ್ನಾಗಿ ಒರೆಸಿದಳು. ಬೆರಳಚ್ಚಿನ ಆಸೆ ಅಲ್ಲಿಗೇ ಮುಗಿಯಿತು.

“ಇದನ್ನ ಯಾರೋ ಬೇಕಂತ ಸಡ್ಲ ಮಾಡ್ಯಾರ್ರಿ ಸಾಹೇಬ್ರ. ನಮ್ಮ ಹುಡುಗ ಬಿದ್ದಾನ. ಸೊಂಟದಿಂದ ಕೆಳಗ ಕಾಲು ಅಳ್ಳಾಡಾವಲ್ಲವು.”

ಬೈಯಲೆಂದು ಬಾಯಿ ತೆರೆದಿದ್ದ ವೈಜನಾಥ ಕನ್ನಡ ಕಿವಿಗೆ ಬಿದ್ದದ್ದೇ ಸುಮ್ಮನಾದ. ಜಹೀರಾಬಾದಿನವನು, ಮನೆಮಾತು ಕನ್ನಡ. ಠಾಣೆಯಲ್ಲಿ ತೆಲುಗು, ರಸ್ತೆಯಲ್ಲಿ ಉರ್ದು. ಮಕ್ಕಳ ಶಾಲೆಗೆಂದು ಹೆಂಡತಿ ಬೀದರಕ್ಕೆ ಹೋದ ಮೇಲೆ ಅವನ ಪಾಲಿನ ಕನ್ನಡವೆಂದರೆ ದಿನಕ್ಕೊಮ್ಮೆ ಫೋನಿನಲ್ಲಿ “ಉಂಡ್ರಿ?” “ಉಂಡೆ” ಎನ್ನುವಷ್ಟು ಮಾತ್ರ. ಉಂಡಿರದಿದ್ದರೂ ಉಂಡೆ ಎನ್ನುವುದೇ ರೂಢಿ.

“ಕುಂಡ್ರಿ ಅಕ್ಕಾರ. ಹೆಸರು ಹೇಳ್ರಿ.”

ಹೆಸರು ವೇದವತಿ, ವಯಸ್ಸು ನಲವತ್ತಾರು, ಊರು ಬಿಜಾಪುರ. ಹಿಂದೆ ಶಾಲೆಯೊಂದರಲ್ಲಿ ಡ್ರಿಲ್ ಟೀಚರು. ಈಗ ದಖನ್ ಕುಸ್ತಿ ಮಂಡಳಿಯ ಒಡತಿ. ಅಖಾಡದ ಮಣ್ಣಿನ ಕುಸ್ತಿಯಲ್ಲ ಅದು. ಟೀವಿಯಲ್ಲಿ ಪರದೇಶದವರು ಆಡುತ್ತಾರಲ್ಲ, ಹಗ್ಗ ಬಿಗಿದ ಚೌಕದೊಳಗೆ ಎತ್ತಿ ಎಸೆಯುವ ಆಟ, ಅಂಥದ್ದು. ಎರಡು ವಾರಕ್ಕೊಮ್ಮೆ ಭಾನುವಾರ ಮಧ್ಯಾಹ್ನ ಉಪ್ಪಲಿನ ಮದುವೆ ಹಾಲಿನಲ್ಲಿ ಆಟ. ಮಾದಾಪುರದ ಸಾಫ್ಟ್‌ವೇರ್ ಹುಡುಗರು ಗುಂಪುಗುಂಪಾಗಿ ಬಂದು ಸಿಳ್ಳೆ ಹೊಡೆದು ಹೋಗುತ್ತಿದ್ದರು.

“ಗೆಲ್ಲೋರು ಯಾರಂತ ಮೊದಲ ಗೊತ್ತಿರ್ತದೇನು?”

“ಗೊತ್ತಿರ್ತದ್ರಿ.”

“ಹಂಗಾದ್ರ ಸುಳ್ಳು ಕುಸ್ತಿ.”

“ಗೆಲ್ಲೂದು ಸುಳ್ಳರಿ. ಬೀಳೂದು ಖರೇ.”

ಬಿದ್ದವನು ಚಂದ್ರಹಾಸ, ಮಂಡಳಿಯ ನಾಯಕ. ಹಿಮಾಯತ್‌ನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ರಾಯಚೂರಿನವನು. ಕೊನೆಯ ಆಟದಲ್ಲಿ, ನಾಲ್ಕು ಮುಕ್ಕಾಲಕ್ಕೆ, ಅವನು ಮೂರನೇ ಕಂಬದ ಮೂಲೆಗೆ ಬಡಿದಾಗ ಮೇಲಿನ ಹಗ್ಗ ಕಳಚಿ, ಹಿಂದುಮುಂದಾಗಿ ಹೊರಗಿನ ಸಿಮೆಂಟು ನೆಲಕ್ಕೆ ಬಿದ್ದಿದ್ದ. ಜನ ಅದೂ ಆಟವೇ ಎಂದು ಐದು ನಿಮಿಷ ಚಪ್ಪಾಳೆ ತಟ್ಟಿದರಂತೆ. 

6.55ಕ್ಕೆ ಎಫ್‌ಐಆರ್ ದಾಖಲಾಯಿತು. ಅಪರಾಧ ಸಂಖ್ಯೆ 61/2008, ಭಾರತೀಯ ದಂಡ ಸಂಹಿತೆ ಕಲಂ 336, 338: ಇತರರ ಜೀವಕ್ಕೆ ಅಪಾಯ ಒಡ್ಡಿ ತೀವ್ರ ಗಾಯಪಡಿಸಿದ್ದು. ಆರೋಪಿ: ಅಪರಿಚಿತ.

ಏಳೂವರೆಗೆ ಹಾಲಿನಲ್ಲಿ ಪಂಚನಾಮೆ. ಕಾನ್‌ಸ್ಟೇಬಲ್ ಪ್ರೇಮಾ ಬರೆದುಕೊಳ್ಳುತ್ತಿದ್ದಳು. ತಾಂಡೂರಿನ ಹುಡುಗಿ, ಕನ್ನಡ ತೆಲುಗು ಎರಡೂ ನೀರು ಕುಡಿದಷ್ಟು ಸಲೀಸು. ಚೌಕ ಕಟ್ಟುವವನು ನರಸಿಂಹ, ನಾರಾಯಣಪೇಟೆಯವನು, ಮೊದಲು ಲಾರಿ ಮೆಕ್ಯಾನಿಕ್. ಪೊಲೀಸರನ್ನು ಕಂಡದ್ದೇ ಬೆವರಿ ನೀರಾಗಿದ್ದ.

“ಬೋಲ್ಟು ಬಿಗಿಯೋನು ನೀನ ಏನು?”

“ನಾನ ರೀ ಸಾರ್. ನಾಕು ಕಂಬ, ಮೂರು ಮೂರು ಹಗ್ಗ, ಹನ್ನೆರಡು ಬೋಲ್ಟು. ಎರಡು ಗಂಟೇಕ ಎಲ್ಲಾ ಬಿಗಿದೀನಿ. ಗೆರಿ ನೋಡ್ರಿ ಬೇಕಾದ್ರ.”

ಪ್ರತಿ ಬೋಲ್ಟಿನ ತಲೆಯಿಂದ ಕಂಬದವರೆಗೆ ಕೆಂಪು ಗೆರೆಯೊಂದನ್ನು ಎಳೆದಿದ್ದ. ಬೋಲ್ಟು ಎಳ್ಳಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ.

“ಇದ್ಯಾವ ಬಣ್ಣ?”

“ಉಗುರಿಗೆ ಹಚ್ಚೂದು ಸಾರ್. ನನ್ನ ಹೆಂಡ್ತೀದು.”

ಹನ್ನೊಂದು ಗೆರೆ ನೆಟ್ಟಗಿದ್ದವು. ಮೂರನೇ ಕಂಬದ ಮೇಲಿನ ತೂತು ಮಾತ್ರ ಖಾಲಿ. ಬೋಲ್ಟಿನ ಹದಿನಾಲ್ಕು ಸುತ್ತಿನಲ್ಲಿ ಕೊನೆಯ ಎರಡಷ್ಟೇ ಉಜ್ಜಿ ಹೊಳೆಯುತ್ತಿದ್ದವು. ಹಗ್ಗದ ಜಗ್ಗಾಟಕ್ಕೆ ಬೋಲ್ಟು ಕಾಲು ಸುತ್ತು ತಿರುಗಬಹುದು, ಹನ್ನೆರಡು ಸುತ್ತು ತಿರುಗಲಾರದು. ಬೋಲ್ಟು ತಿರುಗಿಸುವ ಪಾನಾ ಹಿಡಿದು ಯಾರೋ ನಿಧಾನಕ್ಕೆ ಬಿಚ್ಚಿ, ಎರಡು ಸುತ್ತಿನ ಮೇಲೆ ನಿಲ್ಲಿಸಿ ಹೋಗಿದ್ದರು. ನರಸಿಂಹನ ತಪ್ಪಲ್ಲವೆಂದು ವೈಜನಾಥನಿಗೆ ಅಲ್ಲೇ ಖಾತ್ರಿಯಾಯಿತು. ತಪ್ಪು ಮಾಡಿದವನು ಹೆಂಡತಿಯ ಉಗುರುಬಣ್ಣದ ಸುದ್ದಿ ಎತ್ತುವುದಿಲ್ಲ.

“ಆಟದ್ದು ಏನರ ಬರದಿಟ್ಟೀರೇನು ಅಕ್ಕಾರ? ಯಾರು ಯಾರನ್ನ ಎಲ್ಲೆ ಒಗಿಬೇಕಂತ?”

ವೇದವತಿ ಒಂದು ಹಾಳೆ ಕೊಟ್ಟಳು. ಕೊನೆಯ ಆಟ: ಚಂದ್ರಹಾಸ ಮತ್ತು ಮೂಕ. ಒಂಬತ್ತನೇ ಸಾಲಿನಲ್ಲಿ ಹೀಗಿತ್ತು: ಚಂದ್ರಹಾಸ ಮೂಕನನ್ನು ಮೂರನೇ ಕಂಬಕ್ಕೆ ಎಸೆಯುವುದು.

ವೈಜನಾಥ ಎರಡು ಸಲ ಓದಿದ. “ಮೂಕ ಅಂದ್ರ ಯಾರು?”

“ನಮ್ಮ ಖಳನಾಯಕ. ಕರೇ ಮುಖವಾಡ ಹಾಕ್ತಾನ, ಒಂದು ಮಾತೂ ಆಡಂಗಿಲ್ಲ. ಅಂವ ಬಂದ್ರ ಐನೂರು ಮಂದಿ ಎದ್ದು ನಿಂತು ಬೈತಾರ್ರಿ.”

“ಕಂಬಕ್ಕ ಬಡೀಬೇಕಾದಾಂವ ಅಂವ. ಬಡದಾಂವ ಇಂವ. ಅಂದ್ರ ಬೋಲ್ಟು ಬಿಚ್ಚಿದ್ದು ಮೂಕನ ಸಲವಾಗಿ. ಅಂವ ಎಲ್ಲದಾನ?”

“ಹೋದಾ. ಆಟ ಮುಗಿದ್ರ ಹಿಂದಿನ ಬಾಗಲದಿಂದ ಹೋಗಿಬಿಡ್ತಾನ.”

“ಹೆಸರು?”

“ಹೇಳಂಗಿಲ್ರಿ.”

ಮಂಡಳಿಯ ಕಟ್ಟಳೆ ಅದು. ಐದು ವರ್ಷದ ಹಿಂದೆ ನಾಯಕನೂ ಖಳನೂ ಮೆಹದಿಪಟ್ಟಣಂ ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಸಾಸರಿನಲ್ಲಿ ಚಹಾ ಹಂಚಿಕೊಂಡು ಕುಡಿದದ್ದನ್ನು ಯಾರೋ ನೋಡಿದ್ದರು. ಮುಂದಿನ ಆಟದಲ್ಲಿ ಇಬ್ಬರೂ ಎದುರಾದಾಗ ಜನ “ಚಾಯ್! ಚಾಯ್!” ಎಂದು ಕೂಗಿ ನಕ್ಕು ಆಟ ಕೆಡಿಸಿದರು. ಅಂದಿನಿಂದ ನಾಯಕರ ಕೋಣೆ ಬೇರೆ, ಖಳರ ಕೋಣೆ ಬೇರೆ. ಮರುವರ್ಷ ಹೊಸದಾಗಿ ಬಂದ ಮೂಕನಿಗಂತೂ ತಾಲೀಮಿನಲ್ಲೂ ಮುಖವಾಡ. ಬರುವುದೊಬ್ಬನೇ, ಉಣ್ಣುವುದೊಬ್ಬನೇ, ಹೋಗುವುದೊಬ್ಬನೇ. ಅವನ ಮುಖ, ಹೆಸರು ಬಲ್ಲವಳು ವೇದವತಿ ಮಾತ್ರ.

“ಎಷ್ಟು ವರ್ಷದಿಂದ?”

“ನಾಕು.”

“ನಾಕು ವರ್ಷ ಯಾರೂ ಅವನ ಜೋಡಿ ಮಾತಾಡಿಲ್ಲ?”

“ಆಟದ ನೇಮ ಐತ್ರಿ ಸಾಹೇಬ್ರ.”

“ನಿಮ್ಮ ನೇಮಕ್ಕ ಬೆಂಕಿ ಹಚ್ಚ,” ಎಂದ ವೈಜನಾಥ. “ಇವತ್ತು ತಪ್ಪಿಸಿಕೊಂಡಾನ, ನಾಳೆ ಯಾರರ ಹೊಡದು ಹಾಕಿದ್ರ ಯಾವ ಹೆಸರಿಲೆ ಪಂಚನಾಮೆ ಬರೀಲಿ?”

ಆಗ ಬಾಯಿಬಿಟ್ಟಳು. ಅಮಿತ, ಇಪ್ಪತ್ತೇಳು ವರ್ಷ, ಭಾಲ್ಕಿಯವನು. ಮಾದಾಪುರದ ಒಂದು ಕಂಪನಿಯಲ್ಲಿ ರಾತ್ರಿ ಪಾಳಿ, ಮೆಹದಿಪಟ್ಟಣಂನಲ್ಲಿ ಬಾಡಿಗೆ ಕೋಣೆ.

ಫೆಬ್ರವರಿ 11, ಸೋಮವಾರ, ಬೆಳಗಿನ ಹತ್ತು. ಆಸ್ಪತ್ರೆಯ ಡಾಕ್ಟರು ಇನ್ನೂ ಒಂದು ದಿನ ನೋಡಬೇಕು ಎಂದರು. ಅಷ್ಟರೊಳಗೆ ಕಾಲ ಬೆರಳು ಅಲುಗಿದರೆ ಚಂದ್ರಹಾಸ ಮುಂದೆ ನಡೆದಾನು. ಇಲ್ಲದಿದ್ದರೆ ಇಲ್ಲ. ಹೇಳಿಕೆ ಕೊಡುವ ಸ್ಥಿತಿಯಲ್ಲಿರಲಿಲ್ಲ. ವೈಜನಾಥ ಪ್ರೇಮಾಳನ್ನು ಕರೆದುಕೊಂಡು ನೇರ ಮೆಹದಿಪಟ್ಟಣಂಗೆ ಹೋದ.

ಮನೆಯೊಡತಿ ಕೃಷ್ಣಾಬಾಯಿ ಮೆಟ್ಟಿಲ ಮೇಲೆಯೇ ಅಡ್ಡಬಂದಳು. “ಪೊಲೀಸರು ಯಾಕ ಬಂದ್ರಿ? ಭಾಳ ಛಲೋ ಹುಡುಗ. ಇದ್ದದ್ದ ಗೊತ್ತಾಗಂಗಿಲ್ಲ ನೋಡ್ರಿ.”

“ಗೆಳ್ಯಾರು ಬರ್ತಾರೇನು?”

“ಮೂರು ವರ್ಷಾತು, ಒಂದು ನಾಯಿನೂ ಅವನ್ನ ಕೇಳಕೊಂಡು ಬಂದಿಲ್ಲ. ನೀವ ಮೊದಲನೇರು.”

ಅಮಿತ ಮಂಚದ ತುದಿಗೆ ಕುಳಿತಿದ್ದ. ಐನೂರು ಜನ ಶಾಪ ಹಾಕುವ ಖಳನೆಂದರೆ ಹೀಗಿರುತ್ತಾನೆಂದು ವೈಜನಾಥ ಎಣಿಸಿರಲಿಲ್ಲ. ಅಗಲ ಭುಜದ ಮೇಲೆ ಶಾಲೆಯ ಹುಡುಗನಂಥ ಮುಖ. ಇವರನ್ನು ಕಂಡು ಗಡಬಡಿಸಿ ಎದ್ದು, ಇದ್ದ ಒಂದೇ ಕುರ್ಚಿಯನ್ನು ಒರೆಸಿ ಕೊಟ್ಟ.

“ಚಂದ್ರಹಾಸ ಹ್ಯಾಂಗದಾರ್ರಿ?” ಅದೇ ಅವನ ಮೊದಲ ಮಾತು.

“ಕಾಲು ಅಳ್ಳಾಡಿಲ್ಲ ಇನ್ನಾ. ತಮ್ಮಾ, ಬೋಲ್ಟು ಬಿಚ್ಚಿದ್ದು ನಿನ್ನ ಕೆಡವಾಕಂತ ಕಾಣ್ತದ. ನಿನಗ ಆಗದವರು ಯಾರದಾರ?”

ಅಮಿತ ಕುರ್ಚಿ ಒರೆಸಿದ ಬಟ್ಟೆಯನ್ನು ಮಡಿಸಿದ. “ಆಗೋರ ಯಾರೂ ಇಲ್ರಿ,” ಎಂದ.

ಉತ್ತರವೇನೋ ಸರಿಯಾಗಿಯೇ ಇತ್ತು, ತನಿಖೆ ಮಾತ್ರ ಗೋಡೆಗೆ ಬಡಿಯಿತು. ವೈರಿ ಬೇಕೆಂದರೂ ಮನುಷ್ಯನಿಗೆ ನಾಲ್ಕು ಜನರ ಪರಿಚಯ ಇರಬೇಕು. ಈ ಹುಡುಗನ ಮುಖವನ್ನೇ ಯಾರೂ ನೋಡಿಲ್ಲ. ದ್ವೇಷ ಕಟ್ಟಿಕೊಳ್ಳುವಷ್ಟು ಪುರಸೊತ್ತು ಯಾರಿಗಿತ್ತು? ವೈಜನಾಥ ಕೋಣೆಯನ್ನು ನೋಡಿದ. ಒಂದು ತಾಟು, ಒಂದು ಬಟ್ಟಲು, ಗೋಡೆಗೆ ಒಂದು ಗೂಟ. ತನ್ನ ಕ್ವಾರ್ಟರ್ಸ್ ನೆನಪಾಯಿತು. ಅವನಿಗೂ ಒಂದೇ ತಾಟು ಸಾಕಾಗುತ್ತಿತ್ತು.

ಪ್ರೇಮಾ ಮಂಚದ ಕೆಳಗಿನ ಚೀಲವನ್ನು ಎಳೆದಳು. ಟವೆಲ್ಲು, ಹಲ್ಲುಜ್ಜುವ ಬ್ರಷ್ಷು, ಸಡಿಲ ಪೈಜಾಮ ಎರಡು, ಕಂಪನಿ ಕೊಟ್ಟ ಆಸ್ಪತ್ರೆ ವಿಮೆಯ ಕಾರ್ಡು. ಜೊತೆಗೆ ಅಂಗಡಿಯ ಚೀಟಿಯೂ ಕಿತ್ತಿರದ ಹೊಸ ಸ್ಟೀಲ್ ಲೋಟಗಳು ಆರು.

“ಎಲ್ಲಿಗೆ ಹೊಂಟಿದ್ದಿ?”

“ಊರಿಗೆರಿ.”

“ಯಾರದಾರ ಊರಾಗ?”

ಅಮಿತ ಚೀಲವನ್ನು ಮತ್ತೆ ಮಂಚದ ಕೆಳಗೆ ತಳ್ಳಿದ. ಜೀಪು ಹತ್ತುವಾಗ ಪ್ರೇಮಾ ಹೇಳಿದಳು: “ಸರ್, ಊರಿಗೆ ಹೋಗೋರು ವಿಮೆ ಕಾರ್ಡು ಮ್ಯಾಲೆ ಇಟ್ಕೊಳ್ಳಂಗಿಲ್ಲ. ಅದು ದವಾಖಾನಿ ಚೀಲ. ನಮ್ಮಕ್ಕ ಹೆರಿಗಿಗೆ ಹೋಗುಮುಂದ ಹಿಂಗ ತುಂಬಿದ್ಲು.”

“ಹೌದವ್ವಾ. ಆದ್ರ ದವಾಖಾನಿಗೆ ಹೋದಾಂವ ಚಂದ್ರಹಾಸ.”

ಫೆಬ್ರವರಿ 12, ಮಂಗಳವಾರ, ಹನ್ನೊಂದು ಗಂಟೆ. ಮಾದಾಪುರದಲ್ಲಿ ಅಮಿತನ ಕಂಪನಿಯವರು ರಜೆಯ ದಾಖಲೆ ತೆಗೆದು ಕೊಟ್ಟರು. ಆರೋಗ್ಯದ ಕಾರಣಕ್ಕೆ ಹತ್ತು ದಿನ ರಜೆ, ಫೆಬ್ರವರಿ 11ರಿಂದ. ಕಾರಣ: ಭುಜದ ಮೂಳೆ ಮುರಿತ. ಅರ್ಜಿ ಹಾಕಿದ ದಿನ ಫೆಬ್ರವರಿ 7, ಗುರುವಾರ. ಮೇಲಧಿಕಾರಿ ಓದದೆಯೇ ಮಂಜೂರು ಮಾಡಿದ್ದ. ಅರ್ಜಿದಾರನ ಮುಖ ನೆನಪಿಲ್ಲವೆಂದೂ ಹೇಳಿದ.

ಭಾನುವಾರ ಬೀಳಬೇಕಾದವನು ಗುರುವಾರವೇ ಮುರಿದ ಮೂಳೆಗೆ ರಜೆ ಕೇಳಿದ್ದ. ಬೋಲ್ಟು ಬಿಚ್ಚಿದ್ದು ಯಾರೆಂದು ವೈಜನಾಥನಿಗೆ ತಿಳಿಯಿತು, ಯಾಕೆಂದು ಮಾತ್ರ ಇಲ್ಲ. ತನಗೆಂದು ಬಿಚ್ಚಿಟ್ಟ ಬೋಲ್ಟಿಗೆ ಇನ್ನೊಬ್ಬನನ್ನು ಯಾಕೆ ಎಸೆದ?

ಮಧ್ಯಾಹ್ನ ಒಂದೂವರೆಗೆ ಆಸ್ಪತ್ರೆಯಿಂದ ಫೋನು ಬಂತು. ಬೆಳಿಗ್ಗೆ ಬಲಗಾಲಿನ ಹೆಬ್ಬೆರಳು ಅಲುಗಿತ್ತು. ಆರು ತಿಂಗಳಿಗೆ ಕೋಲು ಹಿಡಿದು ನಡೆದಾನು, ಚೌಕ ಮಾತ್ರ ಇನ್ನು ಹತ್ತುವಂತಿಲ್ಲ. ವೈಜನಾಥ ಹೋದಾಗ ಚಂದ್ರಹಾಸ ಸೂರು ನೋಡುತ್ತ ಮಲಗಿದ್ದ. ಸುತ್ತ ಮಂಡಳಿಯ ಆರು ಜನ. ಒಬ್ಬ ಮೂಸಂಬಿ ಸುಲಿಯುತ್ತಿದ್ದ, ಇನ್ನೊಬ್ಬ ಕಾಲು ಒತ್ತುತ್ತಿದ್ದ. ಎಲ್ಲರನ್ನೂ ಹೊರಗೆ ಕಳಿಸಿ ಹೇಳಿಕೆ ಬರೆಸಿಕೊಂಡ.

“ಮೂಕ ನಿನ್ನ ಎಸೆದನೇನು?”

“ಇಲ್ರಿ. ನಾನ ಓಡಿ ಹೋಗಿ ಬಡದೆ.”

“ಯಾಕ? ಬರದದ್ದು ಹಂಗಿಲ್ಲ.”

“ಆಟದಾಗ ನಾವು ಕೈಲೆ ಮಾತಾಡ್ತೀವ್ರಿ. ಕೈ ಹಿಡಿದಾಗ ಒಮ್ಮೆ ಒತ್ತಿದ್ರ ‘ಆರಾಮ ಅದೀನಿ.’ ಎರಡು ಸಲ ಒತ್ತಿದ್ರ ‘ಅದಲಿ ಬದಲಿ, ಈ ಏಟು ನಾ ತಗೋತೀನಿ.’ ಅವತ್ತು ಅವನ ಕೈ ಹಿಡದ್ರ ಗಡಗಡ ನಡಗಾಕತ್ತಿತ್ತು. ಜ್ವರ ಬಂದಾವ ಪಾಪ ಅನಿಸ್ತು. ಕಂಬಕ್ಕ ಬಡದ್ರ ಭಾಳ ತ್ರಾಸ ಆಗ್ತದ. ಎರಡು ಸಲ ಒತ್ತಿದೆ.”

“ಅಂವ?”

“ಬಿಡಾವಲ್ಲ ಆದ. ಕೈ ಗಟ್ಟಿ ಹಿಡಕೊಂಡು ಒತ್ತೇ ಒತ್ತಿದ. ತಲಿ ಅಳ್ಳಾಡಿಸಿದ. ನಾ ಅದೂ ಅವನ ನಟನಾ ಅನಕೊಂಡೆ. ಕೈ ಬಿಡಿಸಿಕೊಂಡು ಓಡಿದೆ.” ಸ್ವಲ್ಪ ತಡೆದು ಕೇಳಿದ: “ಆರು ಮಂದಿ ಬಂದ್ರು, ಅಂವ ಬರಲೇ ಇಲ್ಲಲ್ರಿ. ಅವನ ಜ್ವರ ಹ್ಯಾಂಗೈತಂತ?”

ವೈಜನಾಥ ಹೇಳಿಕೆಯ ಹಾಳೆ ಮಡಿಸಿಕೊಂಡು ಎದ್ದುಬಂದ. 

ನಾಲ್ಕು ಗಂಟೆಗೆ ಅಮಿತನನ್ನು ಠಾಣೆಗೆ ಕರೆಸಿದರು. ರಜೆ ಅರ್ಜಿಯ ಪ್ರತಿಯನ್ನು ಮುಂದಿಟ್ಟದ್ದೇ ತಡ, ಅವನು ಒಪ್ಪಿಕೊಂಡ. ಸುಳ್ಳು ಹೇಳುವ ಅಭ್ಯಾಸವೂ ಇರಲಿಲ್ಲ, ಹೇಳಿದರೆ ಕೇಳುವವರೂ ಇರಲಿಲ್ಲ.

“ಮೂರೂ ಕಾಲಕ್ಕ, ಮಂದಿ ಬರೂ ಮೊದಲ ಬಿಚ್ಚಿದೆ. ಆ ಕಂಬಕ್ಕ ಬಡಿಯೂದು ನಮ್ಮ ಆಟದಾಗಷ್ಟ. ಪಾನಾ ನಮ್ಮ ಕೋಣ್ಯಾಗ ಇತ್ರಿ. ನಾ ಬೀಳೂದು ಕಲ್ತೀನಿ. ಭುಜಾ ಮುರೀತಿತ್ತು, ಅಷ್ಟ.”

“ಭುಜಾ ಯಾಕ ಮುರಕೋಬೇಕಾಗಿತ್ತೋ ಮಾರಾಯಾ?”

ಅಮಿತ ರಜೆ ಅರ್ಜಿಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಹೇಳತೊಡಗಿದ. ಹೋದ ವರ್ಷ ಮಂಡಳಿಯ ಶರಣಕುಮಾರನ ಮೊಣಕಾಲು ಮುರಿದಿತ್ತು. ಹತ್ತು ದಿನ ಎಲ್ಲರೂ ಪಾಳಿ ಹಾಕಿಕೊಂಡು ಆಸ್ಪತ್ರೆಯಲ್ಲಿ ಕುಳಿತರು. ಒಬ್ಬ ಮೊಸರನ್ನ ತಂದರೆ ಇನ್ನೊಬ್ಬ ಇಸ್ಪೀಟು ತಂದ. ಅಮಿತನೂ ಹೋದ, ಮುಖವಾಡವಿಲ್ಲದೆ. ಬಾಗಿಲಲ್ಲಿ ನಿಂತ. ಒಳಗೆ ನಗು, ಗದ್ದಲ. ಚಂದ್ರಹಾಸ ಎದ್ದು ಬಂದು ಕೇಳಿದ: “ಯಾರು ಬೇಕಾಗಿತ್ರಿ?”

“ಹದಿನೈದು ದಿನಕ್ಕೊಮ್ಮೆ ನನ್ನ ಎತ್ತಿ ಒಗಿಯಾಂವ್ರಿ ಅಂವ. ಅವನ ಉಸಿರು ಸುದ್ದಾ ನನಗ ಗೊತ್ತೈತಿ. ಅಂವ ‘ಯಾರು ಬೇಕಾಗಿತ್ತು’ ಅಂದ. ಕೋಣಿ ತಪ್ಪಿತ್ರಿ ಅಂತ ಹೇಳಿ ಬಂದೆ.” ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. “ಬಿದ್ದೆ ಅಂದ್ರ ಡಾಕ್ಟರ್ ಮುಖವಾಡ ತೆಗಿಲೇಬೇಕಲ್ರಿ. ನಾನಾಗಿ ತೆಗದ್ರ ನೇಮ ಮುರಿತದ, ಆಟದಿಂದ ನನ್ನ ತೆಗದು ಹಾಕಿದ್ರ ಇದ್ದಷ್ಟು ಸಂಗಾನೂ ಹೋಗ್ತದ. ಬಿದ್ದು ತೆಗಸಿಕೊಂಡ್ರ ಯಾರ ತಪ್ಪೂ ಇಲ್ಲ. ಹತ್ತು ದಿನ ಎಲ್ಲಾರೂ ಬಂದು ಕುಂಡ್ರತಾರ. ಅವರಿಗಂತ ಲೋಟಾ ತಗೊಂಡಿದ್ದೆ.”

ಬರೆಯುತ್ತಿದ್ದ ಪ್ರೇಮಾ ಪೆನ್ನು ಕೆಳಗಿಟ್ಟಳು.

“ಅಂವ ಎರಡು ಸಲ ಒತ್ತಿದಾಗ ಬ್ಯಾಡ ಅಂತ ಒದರಬಾರದೇನು? ಒಂದು ಮಾತು ಸಾಕಿತ್ತಲ್ಲೋ.”

“ಬಾಯಿ ತೆಗದೆ ರೀ ಸಾಹೇಬ್ರ. ನಾಕು ವರ್ಷ ಆ ಚೌಕದಾಗ ನಾ ಒಂದು ಮಾತೂ ಆಡಿಲ್ಲ. ದನಿ ಹೊರಡಲಿಲ್ಲ. ಹೊರಡೂದ್ರಾಗ ಅಂವ ಓಡಿದ್ದ.”

ಸಂಜೆ 5.10ಕ್ಕೆ ಬಂಧನ. ಕಾರಣ ಎಂಬಲ್ಲಿ ವೈಜನಾಥ ಹೀಗೆ ಬರೆದ: ಆರೋಪಿಯು ತನ್ನನ್ನೇ ಗಾಯಪಡಿಸಿಕೊಂಡು ಸಹಕಲಾವಿದರ ಸಂಗ ಪಡೆಯುವ ಉದ್ದೇಶದಿಂದ ಬೋಲ್ಟು ಸಡಿಲಿಸಿದ್ದು, ಗಾಯಾಳುವು ಆರೋಪಿಗೆ ಜ್ವರವಿದೆಯೆಂದು ಭಾವಿಸಿ ಏಟನ್ನು ತಾನೇ ತೆಗೆದುಕೊಂಡಿರುತ್ತಾನೆ. ಓದಿ ಹೇಳಬೇಕಾದದ್ದು ನಿಯಮ. ಓದಿದ. ಕೊನೆಯ ಸಾಲಿಗೆ ಅಮಿತ ತಲೆಯೆತ್ತಿ, “ಇನ್ನೊಮ್ಮೆ ಓದ್ರಿ,” ಎಂದ. ವೈಜನಾಥ ಇನ್ನೊಮ್ಮೆ ಓದಿದ. ಅಮಿತ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಹುಡುಕಿಕೊಂಡು ಹೊರಟದ್ದು ನಾಲ್ಕು ವರ್ಷದಿಂದ ಅಂಗೈಯಲ್ಲೇ ಇತ್ತೆಂದು ಈಗ ಗೊತ್ತಾದರೆ ಮನುಷ್ಯ ಇನ್ನೇನು ಮಾಡಿಯಾನು.

ಬಂಧನದ ಕಾಗದದಲ್ಲಿ ಒಂದು ಅಂಕಣ ಖಾಲಿ ಬಿಡುವಂತಿಲ್ಲ: ಬಂಧನದ ಸುದ್ದಿಯನ್ನು ಯಾರಿಗೆ ತಿಳಿಸಬೇಕು.

“ಅಪ್ಪ, ಅವ್ವ?”

“ಅವ್ವ ಇಲ್ರಿ. ಅಪ್ಪ ಬ್ಯಾರೆ ಮನಿ ಮಾಡ್ಯಾನ, ನಂಬರು ಗೊತ್ತಿಲ್ಲ.”

“ಯಾರರ ಒಬ್ಬರ ಹೆಸರು ಬೇಕಪ್ಪಾ. ಕಾಯ್ದೆ.”

ಅಮಿತ ಗೋಡೆಯ ಕಡೆ ನೋಡುತ್ತ ಹೇಳಿದ: “ಚಂದ್ರಹಾಸ. ಆದ್ರ ಅವರಿಗೆ ನನ್ನ ಹೆಸರು ಗೊತ್ತಿಲ್ಲರಿ.”

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ, ಬಂಧನದ ಸುದ್ದಿಯನ್ನು ಗಾಯಾಳುವಿಗೇ ತಿಳಿಸಿದ ಪ್ರಸಂಗ ವೈಜನಾಥನಿಗೆ ಬಂದಿರಲಿಲ್ಲ. ಆಸ್ಪತ್ರೆಗೆ ಫೋನು ಹಚ್ಚಿದ. ಯಾರೋ ಚಂದ್ರಹಾಸನ ಕಿವಿಗೆ ಹಿಡಿದರು. ವೈಜನಾಥ ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದ: ಹೆಸರು, ಊರು, ಬೋಲ್ಟು, ಅದು ಯಾಕೆ, ಯಾರಿಗಾಗಿ.  

“ಕಲಂ ಜಾಮೀನು ಕೊಡೂವಂಥಾದ ಏನ್ರಿ?” ಎಂದು ಆ ಕಡೆಯಿಂದ ದನಿ ಬಂತು.

“ಹೌದು. ಹೊಣೆ ನಿಲ್ಲೋರು ಬೇಕು.”

“ವೇದವತಿ ಅಕ್ಕಾನ ಕಳಸ್ತೀನಿ. ನಿಲ್ಲತಾಳ, ನಿಲ್ಲಲೇಬೇಕು ಆಕಿ. ನಾಳೆ ನಾಕಕ್ಕ ಇಲ್ಲೆ ಭೇಟಿ ಟೈಮ್ ಐತಿ. ಆ ಹಲ್ಕಟ್ ನನ್ಮಗನ್ನ ಬರಹೇಳ್ರಿ. ಮುಖವಾಡ ಗಿಖವಾಡ ಬ್ಯಾಡ. ನಾ ಅವನ್ನ ಮುಖಾ ನೋಡಿ ಬೈಬೇಕಾಗೈತಿ. ಭಾಳ ಬೈಬೇಕು. ಹತ್ತು ದಿನಾ ಸಾಲಂಗಿಲ್ಲ.”

ವೈಜನಾಥ ಫೋನು ಇಟ್ಟ. 

“ನಾಳೆ ನಾಕಕ್ಕ ಬಾ ಅಂದಾನ. ಬೈತಾನಂತ.”

“ಬೈತಾರಂತ್ರಿ?”

“ಮುಖಾ ನೋಡಿ ಬೈತಾನಂತ.”

ಐನೂರು ಜನ ಒಟ್ಟಿಗೆ ಬೈದರೂ ಅಲುಗದ ಹುಡುಗ, ಠಾಣೆಯ ಬೆಂಚಿನ ಮೇಲೆ ಕುಳಿತು ಜೋರಾಗಿ, ದನಿ ತೆಗೆದು ಅತ್ತ. ಪ್ರೇಮಾ ನೀರು ತಂದಳು. ವೈಜನಾಥ ಕಾಗದವನ್ನು ಹತ್ತಿರ ಎಳೆದುಕೊಂಡು, ಯಾರಿಗೆ ಸುದ್ದಿ ತಿಳಿಸಿದ್ದೋ ಅವರ ಹೆಸರಿನ ಮುಂದೆ ಸಂಬಂಧ ಎಂಬಲ್ಲಿ ‘ಗೆಳೆಯ’ ಎಂದು ಬರೆದು ಸಹಿ ಹಾಕಿದ.